ಬಿಸಿಲಲ್ಲಿ ಊರು ಸುತ್ತುವವರಿಗೆ ಒಂದಿಷ್ಟು ಸಲಹೆ

ಬೇಸಿಗೆಯಲ್ಲಿ ಒಂದು ದಿನ ಬಿಡುವು ಸಿಕ್ಕಿ ದೊಡ್ಡ ನಗರ ನೋಡಲು ಹೊರಟಿದ್ದೀರಾ? ಹಾಗಾದರೆ ಬೆಳಗ್ಗೆ ಬೇಗ ಹೊರಡಿ. ಹಳೇ ಬೀದಿಗಳು, ಮಾರುಕಟ್ಟೆ, ಹೀಗೆ ನಡೆದೇ ನೋಡಬೇಕಾದ್ದೆಲ್ಲ 10 ಗಂಟೆಯೊಳಗೆ ಮುಗಿದರೆ ಒಳ್ಳೆಯದು.

ಬಹಳ ಜನ ಎಡವುವುದು ಮಧ್ಯಾಹ್ನದ ಲೆಕ್ಕದಲ್ಲಿ. ಸೂರ್ಯ ನೆತ್ತಿ ಮೇಲೆ ಬರುವುದು 12ರ ಸುಮಾರಿಗೆ, ನಿಜ. ಆದರೆ ಸೆಕೆ ಜಾಸ್ತಿಯಾಗುವುದು ಅದಾದ ಎರಡು ಮೂರು ಗಂಟೆಯ ಮೇಲೆ. ಮೊದಲು ನೆಲ ಕಾಯಬೇಕು, ಆಮೇಲೆ ಗಾಳಿ ಬಿಸಿಯಾಗಬೇಕು, ಅಲ್ವಾ? ಡಾಂಬರು, ಕಾಂಕ್ರೀಟು ತುಂಬಿದ ಕಡೆ ಈ ಕಾವು ರಾತ್ರಿಯಾದರೂ ಬೇಗ ಇಳಿಯುವುದಿಲ್ಲ. ಆ ಹೊತ್ತನ್ನು ಮ್ಯೂಸಿಯಂಗೋ ಲೈಬ್ರರಿಗೋ ಮೀಸಲಿಡಿ. ಹಲವು ಮ್ಯೂಸಿಯಂಗಳಿಗೆ ಸೋಮವಾರ ರಜೆ, ಕೆಲವಕ್ಕೆ ವಾರದಲ್ಲೋ ತಿಂಗಳಲ್ಲೋ ಒಂದು ದಿನ ಪ್ರವೇಶ ಉಚಿತ. ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಬಸ್ಸಿಗೋ ಮೆಟ್ರೋಗೋ ದಿನದ ಪಾಸ್ ಇದ್ದರೆ ವಿಚಾರಿಸಿ. ಮೂರು ನಾಲ್ಕು ಸಲ ಹತ್ತಿ ಇಳಿಯುವುದಿದ್ದರೆ ಸಾಮಾನ್ಯವಾಗಿ ಅದೇ ಲಾಭ. ನನಗಂತೂ ಸುಮ್ನೆ ಒಂದು ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು ಕೊನೇ ನಿಲ್ದಾಣದವರೆಗೆ ಹೋಗುವುದೇ ಇಷ್ಟ. ಊರು ಹೇಗೆ ಬದಲಾಗುತ್ತಾ ಹೋಗುತ್ತದೆ ಅನ್ನುವುದು ಹಾಗೆ ಚೆನ್ನಾಗಿ ಕಾಣುತ್ತದೆ.

ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಬಿಸಿಲಲ್ಲಿ ಪರದೆಯ ಬೆಳಕು ಏರಿಸಿದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಬಾಯಾರುವ ಮುಂಚೆಯೇ ನೀರು ಕುಡಿಯುತ್ತಿರಿ. ನಡೆಯುವಾಗ ತಲೆ ಸುತ್ತಿದರೆ ತಡಮಾಡದೆ ನೆರಳಿಗೆ ಹೋಗಿ ಕೂರಿ, ನೋಡಬೇಕಾದ ಜಾಗ ಎರಡು ಬಿಟ್ಟುಹೋದರೂ ಪರವಾಗಿಲ್ಲ. ಸಂಜೆಗೆ ಮರಗಳಿರುವ ದೊಡ್ಡ ಪಾರ್ಕ್ ಒಂದನ್ನು ಉಳಿಸಿಕೊಳ್ಳಿ.