ರೆಸಿಡೆನ್ಸ್ ಕಾರ್ಡ್ ತಡವಾಯಿತು, ಕೋರ್ಟಿಗೆ ಹೋದೆ: ನನ್ನ ಅನುಭವ

ನನ್ನ ಹೆಂಡತಿ ಪೋರ್ಚುಗಲ್‌ನವಳು. ಬ್ರೆಕ್ಸಿಟ್‌ಗೆ ಮುಂಚೆ ನಾವು ಲಂಡನ್ನಿನಲ್ಲಿದ್ದೆವು, ಅವಳಿಗೆ ಅಲ್ಲೇ ಕೆಲಸ. ಯುರೋಪಿಯನ್ ಒಕ್ಕೂಟದ ಪ್ರಜೆ ಇನ್ನೊಂದು ಸದಸ್ಯ ದೇಶಕ್ಕೆ ಹೋಗಿ ದುಡಿದರೆ ಗಂಡನಿಗೂ ಜೊತೆಗಿರುವ ಹಕ್ಕುಂಟು, ಆ ಗಂಡ ಹಾಸನದವನಾದರೂ ಸರಿ. ಒಕ್ಕೂಟದ 2004/38 ನಿರ್ದೇಶನದ 10ನೇ ವಿಧಿ ಸ್ಪಷ್ಟವಾಗಿದೆ: ಅರ್ಜಿ ಹಾಕಿದ ಕೂಡಲೇ ಸ್ವೀಕೃತಿ ಪತ್ರ ಕೊಡಬೇಕು, ಆರು ತಿಂಗಳೊಳಗೆ ರೆಸಿಡೆನ್ಸ್ ಕಾರ್ಡ್, ಅಂದರೆ ಅಲ್ಲಿ ವಾಸಿಸುವ ಹಕ್ಕಿನ ದಾಖಲೆ, ಕೊಡಬೇಕು.

ಬ್ರಿಟನ್ನಿನ ಗೃಹ ಇಲಾಖೆಯಿಂದ ನನಗೆ ಎರಡೂ ಸಿಗಲಿಲ್ಲ. ಕೈಯಲ್ಲಿ ಕೆಲಸದ ಆಫರ್ ಇತ್ತು. ಕಂಪನಿಯವರು ಪಾಪ ತುಂಬಾ ಕಾದರು. ಕೊನೆಗೆ ಮೇಲ್ ಬಂತು: ಕೆಲಸ ಮಾಡುವ ಹಕ್ಕಿನ ದಾಖಲೆ ತೋರಿಸದ ಕಾರಣ ಆಫರ್ ವಾಪಸ್. ಓದಿ ಹೊಟ್ಟೆ ಉರಿಯಿತು. ಆದರೆ ಮುಂದೆ ನನ್ನ ಕೇಸು ನಿಂತದ್ದೇ ಆ ಮೇಲ್ ಮೇಲೆ.

ಸರ್ಕಾರ ಒಕ್ಕೂಟದ ಕಾನೂನು ಮುರಿದು ನಷ್ಟವಾದರೆ ಪರಿಹಾರ ಕೇಳಬಹುದು ಎಂದು ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ 1991ರಲ್ಲೇ, ಫ್ರಾಂಕೋವಿಚ್ ತೀರ್ಪಿನಲ್ಲಿ ಹೇಳಿದೆ. ಅದು ಸಂಬಳ ಸಿಗದ ಇಟಲಿಯ ಕೆಲಸಗಾರರ ಕೇಸು. 1996ರ ಫ್ಯಾಕ್ಟರ್‌ಟೇಮ್ ತೀರ್ಪು ಷರತ್ತುಗಳನ್ನು ಬಿಡಿಸಿಟ್ಟಿತು. ಸರ್ಕಾರ ಮುರಿದ ನಿಯಮ ನಮಗೆ ಹಕ್ಕು ಕೊಡುವಂಥದ್ದಾಗಿರಬೇಕು, ಉಲ್ಲಂಘನೆ ಗಂಭೀರವಾಗಿರಬೇಕು, ನಷ್ಟ ನೇರವಾಗಿ ಅದರಿಂದಲೇ ಆಗಿರಬೇಕು.

ಎಲ್ಲರೂ ಎಡವುವುದು ಮೂರನೆಯದರಲ್ಲಿ. ತಡವಾಯಿತು ಅಂತ ಸಿಟ್ಟಾದರೆ ಸಾಲದು, ತಡವಾದದ್ದಕ್ಕೇ ದುಡ್ಡು ಹೋಯಿತು ಅಂತ ಕಾಗದದಲ್ಲಿ ತೋರಿಸಬೇಕು. ನಾನು ಆಫರ್ ಲೆಟರ್, ಆ ಮೇಲ್, ಅರ್ಜಿ ತಲುಪಿದ ಅಂಚೆ ರಸೀದಿ, ಇಷ್ಟನ್ನೂ ತಾರೀಖಿನ ಪ್ರಕಾರ ಜೋಡಿಸಿದೆ. ಬೇರೆ ಕೆಲಸ ಹುಡುಕಿದ್ದಕ್ಕೂ ಪುರಾವೆ ಇಟ್ಟೆ. ನಷ್ಟ ಕಡಿಮೆ ಮಾಡಲು ನೀವೇನು ಮಾಡಿದಿರಿ ಅಂತ ಕೇಳೇ ಕೇಳುತ್ತಾರೆ. ಪಾಸ್‌ಪೋರ್ಟ್ ಇಲಾಖೆಯ ಬಳಿಯೇ ಉಳಿದು ತಂಗಿಯ ಮದುವೆಗೆ ಊರಿಗೆ ಹೋಗಲಾಗಲಿಲ್ಲ. ಆ ಸಂಕಟಕ್ಕೆ ಬೆಲೆ ಕಟ್ಟಲು ಹೋಗಲಿಲ್ಲ, ಟಿಕೆಟ್ ದುಡ್ಡಷ್ಟೇ ಕೇಳಿದೆ. ಪಾಸ್‌ಪೋರ್ಟ್ ವಾಪಸ್ ಕೊಡಿ ಎಂದು ಬರೆದ ಪತ್ರದ ನಕಲು ಇದ್ದದ್ದು ಒಳ್ಳೆಯದಾಯಿತು.

ಮೊದಲು ಇಲಾಖೆಗೆ ನೋಟಿಸ್ ಕಳಿಸಿದೆ. ಉತ್ತರ ಬರಲಿಲ್ಲ. ಆಮೇಲೆ ದಾವೆಗೆ ಬೇಕಾದ ಎನ್1 ಫಾರ್ಮ್ ತುಂಬಿ, ಶುಲ್ಕ ಕಟ್ಟಿ ಕೌಂಟಿ ಕೋರ್ಟಿನಲ್ಲಿ ದಾವೆ ಹಾಕಿದೆ. 10,000 ಪೌಂಡ್‌ವರೆಗಿನ ದಾವೆ ಸಾಮಾನ್ಯವಾಗಿ ಸಣ್ಣ ದಾವೆಗಳ ಸರಳ ವಿಚಾರಣೆಗೆ, ಅಂದರೆ ಸ್ಮಾಲ್ ಕ್ಲೇಮ್ಸ್‌ಗೆ ಹೋಗುತ್ತದೆ. ವಕೀಲರಿಲ್ಲದೆ ನಡೆಸಬಹುದು. ಸೋತರೂ ಎದುರು ವಕೀಲರ ಫೀಸು ಸಾಮಾನ್ಯವಾಗಿ ನಮ್ಮ ತಲೆಗೆ ಬರುವುದಿಲ್ಲ. ನನಗೆ ಧೈರ್ಯ ಕೊಟ್ಟದ್ದೇ ಅದು.

ಅರ್ಜಿಗಳು ಜಾಸ್ತಿ ಇದ್ದವು ಅನ್ನುವುದು ಇಲಾಖೆಯವರ ವಾದ. ಆರು ತಿಂಗಳ ಗಡುವು ಮೀರಲು ನಿಮಗೆ ಸ್ವಾತಂತ್ರ್ಯವೇ ಇಲ್ಲವಲ್ಲ ಅನ್ನುವುದು ನನ್ನದು. ಸರ್ಕಾರದ ಕೈಯಲ್ಲಿ ಆಯ್ಕೆಯೇ ಇಲ್ಲದ ಕಡೆ ಬರೀ ಉಲ್ಲಂಘನೆಯೇ ಗಂಭೀರ ಎನಿಸಿಕೊಳ್ಳಬಹುದು. 1996ರದೇ ಹೆಡ್ಲಿ ಲೋಮಾಸ್ ತೀರ್ಪು ಅದನ್ನು ಹೇಳುತ್ತದೆ. ವಿಚಾರಣೆಗೆ ಮುಂಚೆಯೇ ರಾಜಿಗೆ ಬಂದರು. ಕಾರ್ಡೂ ಬಂತು, ಸಂಬಳದ ನಷ್ಟದಲ್ಲಿ ಬಹುಪಾಲೂ ಸಿಕ್ಕಿತು.

ಬ್ರೆಕ್ಸಿಟ್ ನಂತರ ಇಂಗ್ಲೆಂಡಿನಲ್ಲಿ ಈ ದಾರಿ ಮುಚ್ಚಿದೆ. ಐರ್ಲೆಂಡ್, ಜರ್ಮನಿಯಂಥ ಕಡೆ ಇರುವ ನಮ್ಮವರಿಗೆ ಈಗಲೂ ತೆರೆದಿದೆ. ಅಲ್ಲಿದ್ದರೆ ಮೊದಲು ಇಂಥ ತೊಡಕು ಬಿಡಿಸುವ ಒಕ್ಕೂಟದ ಸೇವೆಯಾದ ಸಾಲ್ವಿಟ್‌ಗೆ ದೂರು ಕೊಡಿ, ಅದು ಉಚಿತ. ಕಾರ್ಡ್ ಕೊಡಿಸಲು ಅವರು ಕೈಲಾದ್ದು ಮಾಡುತ್ತಾರೆ. ಆದರೆ ಪರಿಹಾರ ಕೊಡಿಸುವುದಿಲ್ಲ, ಮತ್ತು ಅಲ್ಲಿ ದೂರು ಇದೆ ಅಂತ ಕೋರ್ಟಿನ ಕಾಲಮಿತಿ ನಿಲ್ಲುವುದಿಲ್ಲ.