ಬಚ್ಚಲಿನ ವಾಟರ್‌ಪ್ರೂಫಿಂಗ್ ಬಿಲ್ಲನ್ನು ನಾನು ಟೇಪು ಹಿಡಿದು ನೋಡಿದ್ದು

ಟೈಲ್ಸ್ ಹಾಕಿಸಲು ಬಚ್ಚಲಿನ ಹಳೆ ಫರಸಿ ಕಿತ್ತ ಮೇಲೆ ಗುತ್ತಿಗೆದಾರರು ನನ್ನ ಕೈಗೆ ಒಂದು ಚೀಟಿ ಕೊಟ್ಟರು. ‘ವಾಟರ್‌ಪ್ರೂಫಿಂಗ್ ಎಕ್ಸ್‌ಟ್ರಾ’ ಅಂತ ತಲೆಬರಹ, ಕೆಳಗೆ ಒಟ್ಟು 23 ಸಾವಿರ ಚಿಲ್ಲರೆ. ಕಲಬುರಗಿಯಲ್ಲಿ ನಮ್ಮದು ಹಳೆ ಮನೆ, ಬಚ್ಚಲು ಮೇಲಿನ ಅಂತಸ್ತಿನಲ್ಲಿದೆ, ಅದರ ಕೆಳಗೇ ಹಾಲ್. ಹಾಲ್‌ನ ಮೂಲೆಯಲ್ಲಿ ಗಿಲಾವು ಉಬ್ಬಿ ಬಿಳಿ ಉಪ್ಪು ಉದುರುತ್ತಿತ್ತು. ಆದ್ದರಿಂದ ವಾಟರ್‌ಪ್ರೂಫಿಂಗ್ ಬೇಕೋ ಬೇಡವೋ ಎಂಬ ಪ್ರಶ್ನೆ ನನಗೆ ಇರಲೇ ಇಲ್ಲ. ಇದ್ದ ಪ್ರಶ್ನೆ ಒಂದೇ: ಈ 23 ಸಾವಿರ ಯಾವುದರ ಹಣ?

“ಇದು ಮಾಡ್ಲಿಲ್ಲಂದ್ರ ಕೆಳಗ ಮತ್ತ ಸೋರ್ತದ ನೋಡ್ರಿ ಅಕ್ಕಾರ” ಅಂದರು. ಮಾತು ನಿಜ. ಆದರೆ ಹೆದರಿಕೆ ಮುಂದಿಟ್ಟರೆ ಲೆಕ್ಕ ಹಿಂದೆ ಬೀಳುತ್ತದೆ. “ಮಾಡೋಣ್ರಿ ಅಣ್ಣಾ, ಬ್ಯಾಡ ಅನ್ನಂಗಿಲ್ಲ. ಖರೆ ಒಂದೊಂದು ಬಾಬತ್ತೂ ಬ್ಯಾರೆ ಬ್ಯಾರೆ ಬರದು ಕೊಡ್ರಿ” ಅಂದೆ. ಸಿಟ್ಟು ಮಾಡಿಕೊಳ್ಳದೆ, ಅಲ್ಲೇ ಕೂತು ಬರೆದುಕೊಟ್ಟರು. ಕೋಟಿಂಗ್ 185 ಚದರ ಅಡಿ, ಅಡಿಗೆ 65ರಂತೆ 12,025. ಮಾಲಿಗೆ, ಅಂದರೆ ಸಿಮೆಂಟು-ಉಸುಕಿನ ಗಾರೆಗೆ, ಬೆರೆಸುವ ಲಿಕ್ವಿಡ್ 5 ಲೀಟರ್, 1,100. ಫರಸಿಯ ಕೆಳಗೆ ತುಂಬಿದ್ದ ಹಳೆ ಭರ್ತಿ ತೆಗೆದು ಹೊಸದು ತುಂಬಲು 6,500. ಇದರ ಮೇಲೆ ಜಿಎಸ್‌ಟಿ 18%.

ಭರ್ತಿಯ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ. ಅದನ್ನು ಕಣ್ಣಾರೆ ಕಂಡಿದ್ದೆ. ಹಿಂದಿನವರು ಬಚ್ಚಲಿಗೆ ನಮ್ಮದೇ ಜಿಲ್ಲೆಯ ಶಹಾಬಾದ ಫರಸಿ ಹಾಸಿದ್ದರು. ಕಲ್ಲು ಗಟ್ಟಿಯಾಗಿಯೇ ಇತ್ತು, ಸಂದಿನ ಸಿಮೆಂಟು ಮಾತ್ರ ಎದ್ದುಹೋಗಿತ್ತು. ಆ ಸಂದಿಯಿಂದ ವರ್ಷಾನುಗಟ್ಟಲೆ ನೀರು ಇಳಿದು ಕೆಳಗಿನ ಇಟ್ಟಂಗಿ ಚೂರು, ಉಸುಕು ಎಲ್ಲ ಕೆಸರಾಗಿತ್ತು. ಗುದ್ದಲಿ ಹಾಕಿದರೆ ಕೊಳೆನಾತ ಏಳುತ್ತಿತ್ತು. ಅದರ ಮೇಲೆ ಎಂಥ ಕೋಟಿಂಗ್ ಹೊಡೆದರೂ ದುಡ್ಡು ದಂಡ. ಫರಸಿ ಕೀಳುವ ತನಕ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಹೀಗಾಗಿ ಇದು ನ್ಯಾಯವಾದ ಎಕ್ಸ್‌ಟ್ರಾ. ನ್ಯಾಯವಾದದ್ದನ್ನು ಮೊದಲೇ ಒಪ್ಪಿಕೊಂಡರೆ ಉಳಿದ ಮಾತು ಸಲೀಸಾಗುತ್ತದೆ.

ಲಿಕ್ವಿಡ್ ವಿಷಯ ಬೇಗ ಮುಗಿಯಿತು. ಮೊದಲ ಕೊಟೇಶನ್ ತೆಗೆದು ತೋರಿಸಿದೆ. ಟೈಲ್ಸ್ ಕೆಲಸದ ಸಾಲಿನಲ್ಲಿ ‘ಮಾಲು, ಕೆಮಿಕಲ್ ಸಹಿತ’ ಅಂತ ಅವರದೇ ಕೈಬರಹ ಇತ್ತು. ಅಲ್ಲದೆ ಆ ಲಿಕ್ವಿಡ್ ಬೇಕಾಗುವುದು 50 ಕೆ.ಜಿ. ಸಿಮೆಂಟ್ ಚೀಲಕ್ಕೆ 200 ಮಿ.ಲೀ. ಅಷ್ಟೇ, ಡಬ್ಬಿಯ ಮೇಲೆಯೇ ಬರೆದಿರುತ್ತದೆ. 5 ಲೀಟರ್ ಅಂದರೆ 25 ಚೀಲಕ್ಕೆ ಆಗುವಷ್ಟು. ನಮ್ಮ ಬಚ್ಚಲಿಗೆ ಆರು ಚೀಲವೂ ಹಿಡಿಯಲಿಲ್ಲ. ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಎಂಬ ನಂಬಿಕೆ ನಮ್ಮ ಕಡೆ ಗೌಂಡಿಗಳಲ್ಲೂ ಇದೆ, ಮನೆಯವರಲ್ಲೂ ಇದೆ. ಅದು ತಪ್ಪು, ಕಂಪನಿ ಹೇಳಿದ ಅಳತೆಯೇ ಸರಿಯಾದ ಅಳತೆ.

ಜಿಎಸ್‌ಟಿಗೆ “ನಿಮ್ಮ ನಂಬರ್ ಹಾಕಿದ ಬಿಲ್ ಕೊಡ್ರಿ, ಕೊಡ್ತೀನಿ” ಅಂದೆ. ನೋಂದಣಿ ಇಲ್ಲದವರು ಆ ತೆರಿಗೆ ವಸೂಲಿ ಮಾಡುವ ಹಾಗಿಲ್ಲ. ಆ ಸಾಲನ್ನು ಅವರೇ ಹೊಡೆದುಹಾಕಿದರು.

ದೊಡ್ಡ ಮೊತ್ತ ಕೋಟಿಂಗಿನದು. 185 ಎಲ್ಲಿಂದ ಬಂತು ಅಂತ ನೋಡಲು ಟೇಪು ತಂದೆ. ಬಚ್ಚಲು 5 ಅಡಿಗೆ 7 ಅಡಿ, ನೆಲ 35 ಚದರ ಅಡಿ. ಸುತ್ತಳತೆ 24 ಅಡಿ. ಅವರು ಟೈಲ್ಸ್ ಹಚ್ಚುವ ಪೂರಾ 7 ಅಡಿ ಎತ್ತರಕ್ಕೆ ಲೆಕ್ಕ ಹಾಕಿ, ಬಾಗಿಲು ಕಳೆದು, ನೆಲ ಕೂಡಿಸಿದ್ದರು. ಅಂದರೆ ಟೈಲ್ಸಿನ ಅಳತೆಯನ್ನೇ ಕೋಟಿಂಗಿಗೂ ಹಚ್ಚಿದ್ದರು. “ನಾಲ್ಕೂ ಗೋಡಿಗೆ ಮ್ಯಾಲಿನ ತನಕ ಹೊಡೀತೀರೇನು?” ಅಂತ ಕೇಳಿದೆ. “ಇಲ್ರಿ, ಅಷ್ಟು ಯಾಕ ಬೇಕ್ರಿ, ಸುತ್ತ ಒಂದು ಅಡಿ, ಶಾವರ್ ಮೂಲ್ಯಾಗ ಆರು ಅಡಿ” ಅಂದರು. ಹಾಗಾದರೆ ಅಷ್ಟನ್ನೇ ಅಳೆಯೋಣ ಅಂದೆ. ನೆಲ 35, ಹೊಸ್ತಿಲ ಸಹಿತ ಸುತ್ತಲಿನ ಪಟ್ಟಿ 24, ಶಾವರ್ ಮೂಲೆಯ ಎರಡು ಗೋಡೆ ಮೂರು ಮೂರು ಅಡಿ ಅಗಲ, ಪಟ್ಟಿಯ ಮೇಲೆ ಇನ್ನು ಐದು ಅಡಿ ಎತ್ತರ, ಅಂದರೆ 30. ಕೂಡಿದರೆ 89.

ಅವರು ತಂದಿಟ್ಟಿದ್ದ ಸಾಮಾನೂ ಅದೇ ಹೇಳುತ್ತಿತ್ತು. ಪುಡಿ, ದ್ರವ ಎರಡೂ ಸೇರಿ 15 ಕೆ.ಜಿ.ಯ ಒಂದೇ ಪ್ಯಾಕ್. ಇಂಥ ಕೋಟಿಂಗ್ ಎರಡು ಕೈ ಹೊಡೆಯಲು ಚದರ ಮೀಟರಿಗೆ ಸುಮಾರು ಒಂದೂವರೆಯಿಂದ ಎರಡು ಕೆ.ಜಿ. ಬೇಕು. 89 ಚದರ ಅಡಿ ಅಂದರೆ ಎಂಟು ಚದರ ಮೀಟರಿಗೆ ಸ್ವಲ್ಪ ಹೆಚ್ಚು, ಒಂದು ಪ್ಯಾಕ್ ಸರಿಹೋಗುತ್ತದೆ. 185 ಅಡಿಗೆ ಎರಡು ಪ್ಯಾಕ್ ಬೇಕಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು “ಆಯ್ತು ಬಿಡ್ರಿ, ನೀವ್ ಅಳದಷ್ಟೇ ಹಚ್ರಿ” ಅಂದರು. ಅಡಿಗೆ 65 ರೂಪಾಯಿ ದರದಲ್ಲಿ ನಾನು ಚೌಕಾಶಿ ಮಾಡಲಿಲ್ಲ. ದರ ಇಳಿಸಿದರೆ ಅದು ಕೋಟಿಂಗಿನ ದಪ್ಪದಲ್ಲಿ ಇಳಿಯುತ್ತದೆ, ಟೈಲ್ಸ್ ಕೂತ ಮೇಲೆ ಅದು ಯಾರಿಗೂ ಕಾಣುವುದಿಲ್ಲ. 5,785 ಕೋಟಿಂಗಿಗೆ, 6,500 ಭರ್ತಿಗೆ, ಒಟ್ಟು 12,285 ಅಂತ ಹೊಸ ಚೀಟಿ ಬರೆದು ಇಬ್ಬರೂ ಸಹಿ ಹಾಕಿದೆವು. ಭರ್ತಿಯ ದುಡ್ಡು ಅವತ್ತೇ ಕೊಟ್ಟೆ. ಕೋಟಿಂಗಿನದು ನೀರು ನಿಲ್ಲಿಸಿ ನೋಡಿದ ಮೇಲೆ.

ಕೋಟಿಂಗ್ ಹೊಡೆಯುವಾಗ ನಾನು ಬಾಗಿಲಲ್ಲೇ ನಿಂತಿದ್ದೆ. ನಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕಲಸಿದ ಮಾಲು ಬಕೆಟ್ಟಿನಲ್ಲೇ ಬಿಗಿಯುತ್ತದೆ. ಗೌಂಡಿ ಅದಕ್ಕೆ ನೀರು ಸುರಿಯಲು ಹೋದ. ಬೇಡಪ್ಪಾ, ಸ್ವಲ್ಪ ಸ್ವಲ್ಪ ಕಲಸಿಕೋ ಅಂದೆ. ಜೊತೆಗೆ ಬಂದ ದ್ರವ ಬಿಟ್ಟು ಬೇರೆ ನೀರು ಬಿದ್ದರೆ ಅದರ ಕಸುವು ಹೋಗುತ್ತದೆ. ನೆಲವನ್ನು ಮೊದಲು ತೋಯಿಸಿ, ನಿಂತ ನೀರು ಒರೆಸಿ, ಮೂಲೆಗಳನ್ನು ಮಾಲಿನಿಂದ ದುಂಡಗೆ ಮಾಡಿ, ಮೊದಲ ಕೈ ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ ಹೊಡೆದರು.

ಕೋಟಿಂಗ್ ಪೂರ್ತಿ ಒಣಗಿದ ಮೇಲೆ ನೀರಿನ ಪರೀಕ್ಷೆ. ನೀರು ಹೊರಹೋಗುವ ನೆಲದ ಕಿಂಡಿಗೆ, ಅಂದರೆ ನಹಾನಿ ಟ್ರ್ಯಾಪಿಗೆ, ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಈ ಸೆಕೆಗೆ ನೀರು ಆರಿಯೂ ಇಳಿಯುತ್ತದೆ. ಅದಕ್ಕೆ ಅಲ್ಲೇ ಒಂದು ಅಗಲ ಬೋಗುಣಿಯಲ್ಲಿ ಅಷ್ಟೇ ನೀರು ಇಟ್ಟು ಅದಕ್ಕೂ ಗೆರೆ ಹಾಕಿದೆ. ಎರಡೂ ಸಮ ಇಳಿದರೆ ಆರಿದ್ದು. ಬಚ್ಚಲಿನದು ಹೆಚ್ಚು ಇಳಿದರೆ ಸೋರಿದ್ದು. ಮರುದಿನ ಬಚ್ಚಲಿನ ನೀರೇ ಹೆಚ್ಚು ಇಳಿದಿತ್ತು, ಕೆಳಗೆ ಹಾಲ್‌ನ ಛತ್ತಿನಲ್ಲಿ ಟ್ರ್ಯಾಪಿನ ಕೊಳವೆ ಸುತ್ತ ಉಂಗುರದಂಥ ಹಸಿ. ಗುತ್ತಿಗೆದಾರರು ವಾದ ಮಾಡಲಿಲ್ಲ. ಕೊಳವೆಯ ಕುತ್ತಿಗೆ ಸುತ್ತ ಕೊರೆದು, ಒಣಗಿದರೂ ಕುಗ್ಗದ ಗ್ರೌಟ್ (ಸಂದಿ ತುಂಬುವ ಸಿಮೆಂಟು ಮಾಲು) ತುಂಬಿ, ಅಲ್ಲಿ ಮತ್ತೆ ಕೋಟಿಂಗ್ ಎಳೆದರು, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಎರಡನೆಯ ಸಲ 48 ಗಂಟೆ ನಿಲ್ಲಿಸಿದೆವು, ಎರಡೂ ಗೆರೆ ಸಮ ಇಳಿದವು. ಅವತ್ತು ಸಂಜೆಯೇ 5,785 ಎಣಿಸಿ ಕೊಟ್ಟೆ.

ಈಗ ಹಿತ್ತಲಿನ ಪಾತ್ರೆ ತೊಳೆಯುವ ಮೋರಿಯ ಕೆಲಸವನ್ನೂ ಅವರಿಗೇ ಕೊಟ್ಟಿದ್ದೇನೆ. ಈ ಸಲದ ಕೊಟೇಶನ್ನಿನಲ್ಲಿ ಕೋಟಿಂಗಿನ ಅಳತೆ, ಎಷ್ಟು ಕೈ, ಎಷ್ಟು ಕೆ.ಜಿ., ನೀರು ನಿಲ್ಲಿಸಿದ ಮೇಲೆ ಹಣ ಅಂತ ಅವರೇ ಬರೆದು ತಂದರು.