ಹಾಲಿನ ಡೇರಿ ಮುಂದೆ ಸಕ್ಕರೆ ಪರೀಕ್ಷೆ

ಶ್ರೀನಿವಾಸಪುರ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. 30 ದಾಟಿದ ಎಲ್ಲರಿಗೂ ಸಕ್ಕರೆ ಕಾಯಿಲೆಯ ತಪಾಸಣೆ ಆಗಬೇಕು. ಆದರೆ ನಮ್ಮ ಬಾಗಿಲು ತೆರೆಯುವ ಹೊತ್ತಿಗೆ ಊರಿನವರು ಉಂಡು ತೋಟ ಸೇರಿರುತ್ತಾರೆ. ಅವರು ಬೆಳಗಾಗುತ್ತಲೇ ತಪ್ಪದೆ ಸೇರುವ ಜಾಗ ಹಾಲಿನ ಡೇರಿ. ಆಶಾ ಕಾರ್ಯಕರ್ತೆಯೊಡನೆ ಗ್ಲುಕೋಮೀಟರ್ ಹಿಡಿದು ಅಲ್ಲಿಗೇ ಹೋದೆ. ಹಿಂದಿನ ಸಂಜೆ ಹಾಲು ಹಾಕಲು ಬಂದಾಗಲೇ, ನಾಳೆ ಕಾಫಿಯನ್ನೂ ಕುಡಿಯದೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಹೇಳಿಸುತ್ತಿದ್ದೆವು.

ಮಾವಿನ ಸುಗ್ಗಿಯಲ್ಲಿ ಒಂದು ಎಚ್ಚರ ಬೇಕೇ ಬೇಕು. ಬೆರಳಿಗೆ ಹಣ್ಣಿನ ರಸ ಅಂಟಿದ್ದರೆ ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲದು. ಅದರ ಸಕ್ಕರೆ ರಕ್ತದ ಹನಿಗೆ ಬೆರೆತು ಇಲ್ಲದ ಕಾಯಿಲೆಯನ್ನು ತೋರಿಸಿಬಿಡುತ್ತದೆ. ಸೋಪು ಹಚ್ಚಿ ತೊಳೆಸಿ, ಚೆನ್ನಾಗಿ ಒಣಗಿದ ಮೇಲೆಯೇ ಚುಚ್ಚುತ್ತೇನೆ. ಅದೂ ಬೆರಳ ತುದಿಯ ನಡುವೆ ಅಲ್ಲ, ಪಕ್ಕಕ್ಕೆ. ಸಂಜೆ ಮತ್ತೆ ಹಾಲು ಕರೆಯಬೇಕಾದ ಕೈ ಅದು.

ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತೇನೆ. ಮತ್ತೆ ಪರೀಕ್ಷೆ ಮಾಡಿ ವೈದ್ಯರು ಖಚಿತಪಡಿಸುತ್ತಾರೆ. 100ರಿಂದ 125ರ ನಡುವಿನವರ ಜೊತೆ ನಾನು ಹೆಚ್ಚು ಹೊತ್ತು ಕೂರುತ್ತೇನೆ, ಏಕೆಂದರೆ ಕಾಯಿಲೆಯನ್ನು ತಡೆಯಲು ಇನ್ನೂ ಅವಕಾಶವಿರುವುದು ಇವರಿಗೇ.

“ಮುದ್ದೆ ತಿನ್ನುವವರಿಗೆ ಶುಗರ್ ಬರುತ್ತದೆಯೇ ಮೇಡಂ?” ಎಂದು ಬಹಳ ಜನ ಕೇಳುತ್ತಾರೆ. ರಾಗಿಯಲ್ಲಿ ನಾರು ಇದೆ, ನಿಜ. ಆದರೆ ಅದರಲ್ಲಿ ಹೆಚ್ಚಿನ ಪಾಲು ಪಿಷ್ಟವೇ. ತಾತಂದಿರು ಎರಡು ಮುದ್ದೆ ಉಂಡು ದಿನವಿಡೀ ಉಳುತ್ತಿದ್ದರು, ಈಗ ಉಳುವುದು ಟ್ರ್ಯಾಕ್ಟರ್. ಮುದ್ದೆ ಬಿಟ್ಟು ಚಪಾತಿ ತಿನ್ನಿ ಎಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. ಮುದ್ದೆಯ ಗಾತ್ರ ಇಳಿಸಿ, ಹುರುಳಿ ಬಸ್ಸಾರು, ಸೊಪ್ಪಿನ ಪಲ್ಯ ಹೆಚ್ಚಿಸಿ ಎನ್ನುತ್ತೇನೆ.

ಮಾತ್ರೆ ನುಂಗುತ್ತಿರುವವರ ಪಾದಗಳನ್ನೂ ಅಲ್ಲೇ ನೋಡುತ್ತೇನೆ. ಬರಿಗಾಲಲ್ಲಿ ಕೊಟ್ಟಿಗೆಗೆ ಹೋಗುವ ಅಜ್ಜಿಯೊಬ್ಬರ ಹಿಮ್ಮಡಿಯಲ್ಲಿ ಜಾಲಿ ಮುಳ್ಳು ಮುರಿದು ಕೂತಿತ್ತು, ಸುತ್ತ ಕೀವು ಕಟ್ಟಿತ್ತು. “ನೋವೇ ಇಲ್ಲ ಕಣಮ್ಮ” ಎಂದರು. ಸಕ್ಕರೆ ಕಾಯಿಲೆ ನರಗಳನ್ನು ಕೊಂದಾಗ ಆಗುವುದೇ ಹೀಗೆ. ನೋವಿದ್ದಿದ್ದರೆ ಅವರೇ ಆಸ್ಪತ್ರೆಗೆ ಓಡಿಬರುತ್ತಿದ್ದರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಪಾದಕ್ಕೆ ಮುಟ್ಟಿಸಿದರೆ ಸ್ಪರ್ಶ ಉಳಿದಿದೆಯೇ ಎಂದು ತಿಳಿಯುತ್ತದೆ. ಅಜ್ಜಿಗೆ ಆ ಎಳೆ ತಾಕಿದ್ದು ಗೊತ್ತೇ ಆಗಲಿಲ್ಲ. ಅಂದೇ ವೈದ್ಯರ ಬಳಿ ಕಳಿಸಿದೆವು. ದಿನವೂ ರಾತ್ರಿ ಅಂಗಾಲು, ಬೆರಳ ಸಂದು ನೋಡುವುದನ್ನು ಅವರ ಸೊಸೆಗೆ ಕಲಿಸಿದ್ದೇನೆ. ಗಾಯ ಮಾಯ್ದಿದೆ, ಕೊಟ್ಟಿಗೆಗೂ ಈಗ ಚಪ್ಪಲಿ ಹಾಕಿಕೊಂಡೇ ಹೋಗುತ್ತಾರೆ.